ನಟ್ಟು ತಿರುಗಿಸಿದರೆ ಬ್ರೇಕ್ ರಿಪೇರಿಯಾಯಿತೇ?



ಬೈಕಿನ ಬ್ರೇಕ್ ಪೆಡಲಿನಿಂದ ಒಂದು ಉದ್ದನೆಯ ಕಂಬಿ ಹಿಂದಿನ ಚಕ್ರದ ತನಕ ಹೋಗುತ್ತದೆ. ಅದರ ತುದಿಯಲ್ಲಿ ಥ್ರೆಡ್ ಇದೆ. ಆ ಥ್ರೆಡ್ಡಿನ ಮೇಲೊಂದು ನಟ್ಟು. ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಗ್ಯಾರೇಜಿಗೆ ಹೋದರೆ ಬಹಳ ಸಲ ಆಗುವುದು ಇಷ್ಟೇ. ಹುಡುಗ ಬಗ್ಗುತ್ತಾನೆ. ನಟ್ಟನ್ನು ಎರಡು ಸುತ್ತು ತಿರುಗಿಸುತ್ತಾನೆ. ಪೆಡಲು ಒತ್ತಿ ನೋಡುತ್ತಾನೆ. "ಆಯ್ತು ಸಾರ್, ಹೋಗಿ" ಅನ್ನುತ್ತಾನೆ. ದುಡ್ಡು ಕೂಡ ಕೇಳುವುದಿಲ್ಲ.

ನಿಜವಾಗಿ ಆಯಿತೇ? ಇವತ್ತಿನ ಮಾತು ಅದರ ಬಗ್ಗೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೇಕು ಸವೆಯುವುದಕ್ಕೆಂದೇ ಮಾಡಿದ ವಸ್ತು. ಸವೆದಷ್ಟನ್ನು ತುಂಬಿಕೊಡುವ ಒಂದು ಏರ್ಪಾಡು ಪ್ರತಿ ಬ್ರೇಕಿನಲ್ಲೂ ಇರುತ್ತದೆ. ಡ್ರಮ್ಮಿನಲ್ಲಿ ಅದು ಈ ನಟ್ಟು. ಡಿಸ್ಕಿನಲ್ಲಿ ಬೇರೊಂದು. ಆ ಏರ್ಪಾಡು ಇರುವುದರಿಂದಲೇ ಸವೆತ ನಮ್ಮ ಕಾಲಿಗೂ ಕೈಗೂ ಗೊತ್ತಾಗುವುದಿಲ್ಲ. ಹಾಗಾದರೆ ಎಲ್ಲಿ ನೋಡಿದರೆ ಗೊತ್ತಾಗುತ್ತದೆ?

ಡ್ರಮ್ ಬ್ರೇಕಿನಿಂದ ಶುರು ಮಾಡೋಣ. ನಮ್ಮ ಊರು ಕೇರಿಗಳಲ್ಲಿ ಓಡಾಡುವ 100, 110 ಸಿಸಿ ಬೈಕುಗಳ ಹಿಂಚಕ್ರದಲ್ಲಿ ಹೆಚ್ಚಾಗಿ ಇರುವುದು ಇದೇ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರ ತನಕ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಎರಡೂ ಚಕ್ರಕ್ಕೆ ಇದೇ ಇತ್ತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ಕ್ಕೂ ಇದೇ. ಓಡುವುದರಲ್ಲಿ ಆರ್‌ಎಕ್ಸ್‌ಗೆ ಇದ್ದ ಹೆಸರು ನಿಲ್ಲುವುದರಲ್ಲಿ ಇರಲಿಲ್ಲ. ಅದನ್ನು ಓಡಿಸಿದವರು ಈಗ ನಗುತ್ತಿರಬಹುದು.

ರೇಡಿಯೋದಲ್ಲಿ ಚಿತ್ರ ತೋರಿಸಲಾಗದು. ನಿಮ್ಮ ಕೈಗಳನ್ನೇ ಬಳಸೋಣ. ಗಾಡಿ ಓಡಿಸುತ್ತಾ ಕೇಳುತ್ತಿರುವವರು ಮಾತ್ರ ದಯವಿಟ್ಟು ಬೇಡ. ಎರಡೂ ಮಣಿಕಟ್ಟುಗಳನ್ನು ಜೋಡಿಸಿ. ಬೆರಳುಗಳನ್ನು ಬಾಗಿಸಿ, ಎರಡು ಕೈ ಸೇರಿ ಒಂದು ದುಂಡು ಆಗುವ ಹಾಗೆ ಮಾಡಿಕೊಳ್ಳಿ. ಒಂದೊಂದು ಕೈ ಒಂದೊಂದು ಬ್ರೇಕ್ ಶೂ. ಮಣಿಕಟ್ಟು ಸೇರಿದ ಕಡೆ ಒಂದು ಪಿನ್ನು. ಬೆರಳ ತುದಿಗಳ ನಡುವೆ ಚಪ್ಪಟೆಯಾದ ಒಂದು ಲೋಹದ ತುಂಡು. ಅದು ಕ್ಯಾಮ್. ಪೆಡಲು ಒತ್ತಿದಾಗ ಕ್ಯಾಮ್ ತಿರುಗುತ್ತದೆ. ಬೆರಳ ತುದಿಗಳು ಅಗಲಕ್ಕೆ ಸರಿಯುತ್ತವೆ. ಸುತ್ತಲೂ ತಿರುಗುತ್ತಿರುವ ಡ್ರಮ್ಮಿನ ಒಳಮೈಗೆ ಕೈಗಳ ಹೊರಮೈ ಉಜ್ಜುತ್ತದೆ. ಪೆಡಲು ಬಿಟ್ಟರೆ ಎರಡು ಸ್ಪ್ರಿಂಗುಗಳು ಕೈಗಳನ್ನು ಮತ್ತೆ ಹತ್ತಿರಕ್ಕೆ ಎಳೆಯುತ್ತವೆ. ಡ್ರಮ್ ಬ್ರೇಕು ಅಂದರೆ ಇಷ್ಟೇ.

ಇದರಲ್ಲಿ ಒಂದು ಜಾಣತನವಿದೆ. ಎರಡು ಶೂಗಳಲ್ಲಿ ಒಂದನ್ನು ತಿರುಗುವ ಡ್ರಮ್ಮು ತನ್ನೊಳಕ್ಕೇ ಎಳೆದುಕೊಳ್ಳುತ್ತದೆ. ನೀವು ಒತ್ತಿದ್ದಕ್ಕಿಂತ ಹೆಚ್ಚು ಬಲವಾಗಿ ಅದು ಕಚ್ಚುತ್ತದೆ. ಇನ್ನೊಂದು ಶೂವನ್ನು ಡ್ರಮ್ಮು ಹಿಂದಕ್ಕೆ ತಳ್ಳುತ್ತದೆ. ಅದರ ಕೆಲಸ ಕಡಿಮೆ. ಎರಡೂ ಶೂ ಒಂದೇ ಸಮ ಕಚ್ಚಲಿ ಎಂದು ಬುಲೆಟ್ಟಿನ ಕೆಲವು ಹಳೆಯ ಮಾದರಿಗಳ ಮುಂಚಕ್ರದಲ್ಲಿ ಎರಡು ಕ್ಯಾಮ್ ಇಟ್ಟಿದ್ದರು. ಮುಂದಕ್ಕೆ ಹೋಗುವಾಗ ಚೆನ್ನಾಗಿ ಹಿಡಿಯುತ್ತಿತ್ತು. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರಿದರೆ ಮಾತ್ರ ಎರಡೂ ಶೂಗಳು ಸೋಮಾರಿಯಾಗುತ್ತಿದ್ದವು.

ಡ್ರಮ್ಮು, ಎರಡು ಶೂ, ನಡುವೆ ಕ್ಯಾಮ್. ಇಲ್ಲಿಯವರೆಗೆ ನೋಡಿದ್ದು ಇಷ್ಟು. ಈಗ ಸವೆತಕ್ಕೆ ಬರೋಣ.

ಶೂ ಅಲ್ಯೂಮಿನಿಯಮ್ಮಿನದು. ಉಜ್ಜುವುದು ಅದರ ಮೇಲೆ ಅಂಟಿಸಿದ ಲೈನರ್. ಸಾಮಾನ್ಯ ಬೈಕುಗಳಲ್ಲಿ ಹೊಸ ಲೈನರಿನ ದಪ್ಪ ಸುಮಾರು 4 ಮಿಲಿಮೀಟರ್. ಅದು 2 ಮಿಲಿಮೀಟರಿಗೆ ಬಂದರೆ ಬದಲಿಸಬೇಕು. ಅಂದರೆ ನಮ್ಮ ಪಾಲಿಗೆ ಇರುವುದು 2 ಮಿಲಿಮೀಟರ್ ಅಷ್ಟೇ. ಎರಡು ಅಕ್ಕಿಕಾಳಿನ ದಪ್ಪವೂ ಇಲ್ಲ.

ಲೈನರ್ ಸವೆದಂತೆ ಶೂ ಮತ್ತು ಡ್ರಮ್ಮಿನ ನಡುವೆ ಸಂದು ಹೆಚ್ಚುತ್ತದೆ. ಪೆಡಲು ಹೆಚ್ಚು ಕೆಳಗೆ ಹೋಗುತ್ತದೆ. ನಟ್ಟು ತಿರುಗಿಸಿದರೆ ಕ್ಯಾಮ್ ಮೊದಲೇ ಸ್ವಲ್ಪ ತಿರುಗಿ ನಿಲ್ಲುತ್ತದೆ. ಸಂದು ತುಂಬುತ್ತದೆ. ಇದು ತಪ್ಪಲ್ಲ. ಆ ನಟ್ಟು ಇರುವುದೇ ಅದಕ್ಕೆ. ಪೆಡಲಿಗೆ 2ರಿಂದ 3 ಸೆಂಟಿಮೀಟರ್ ಸಡಿಲ ಇರಬೇಕು, ಅದನ್ನು ನಟ್ಟಿನಿಂದಲೇ ಸರಿಮಾಡಬೇಕು. ತಪ್ಪಾಗುವುದು ಲೈನರ್ ಮುಗಿದ ಮೇಲೂ ತಿರುಗಿಸುತ್ತಾ ಹೋದಾಗ. ಕ್ಯಾಮಿಗೆ ಹೊರಗಡೆ ಒಂದು ತೋಳು ಸೇರಿಸಿರುತ್ತಾರೆ. ಬ್ರೇಕ್ ಪೂರ್ತಿ ಒತ್ತಿದಾಗ ಆ ತೋಳೂ ಕಂಬಿಯೂ ಹೆಚ್ಚುಕಡಿಮೆ ಲಂಬಕೋನದಲ್ಲಿ ಇರಬೇಕು. ಅದನ್ನು ದಾಟಿದರೆ ನೀವು ತುಳಿದ ಬಲ ಕ್ಯಾಮಿಗೆ ಪೂರ್ತಿ ತಲುಪುವುದಿಲ್ಲ. ಇನ್ನೂ ದಾಟಿದರೆ ಕ್ಯಾಮ್ ಹೆಚ್ಚು ತಿರುಗಿ ಅಲ್ಲೇ ಸಿಕ್ಕಿಕೊಳ್ಳಬಹುದು. ಆಗ ಪೆಡಲು ಬಿಟ್ಟರೂ ಶೂ ಹಿಂದಕ್ಕೆ ಬರುವುದಿಲ್ಲ. ಓಡುತ್ತಿರುವ ಚಕ್ರ ಲಾಕ್ ಆಗುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಕೆಲಸವೂ ಉಂಟು. ನಟ್ಟು ಥ್ರೆಡ್ಡಿನ ಕೊನೆಗೆ ಬಂದಾಗ ಕೆಲವರು ಆ ತೋಳನ್ನೇ ಕ್ಯಾಮಿನಿಂದ ಕಳಚುತ್ತಾರೆ. ಒಂದು ಹಲ್ಲು ಹಿಂದಕ್ಕೆ ಕೂರಿಸಿ ಮತ್ತೆ ಬಿಗಿಯುತ್ತಾರೆ. ಈಗ ನಟ್ಟಿಗೆ ಹೊಸದಾಗಿ ಥ್ರೆಡ್ ಸಿಕ್ಕಿತು. ಲೈನರ್ ಮಾತ್ರ ಹಳೆಯದೇ. ತೋಳಿನ ಮೇಲೂ ಕ್ಯಾಮಿನ ತಲೆಯ ಮೇಲೂ ಕಂಪನಿಯವರು ಒಂದೊಂದು ಪಂಚ್ ಗುರುತು ಹೊಡೆದಿರುತ್ತಾರೆ. ಅವೆರಡೂ ಎದುರುಬದುರು ಇಲ್ಲದಿದ್ದರೆ ಯಾರೋ ಈ ಕೆಲಸ ಮಾಡಿದ್ದಾರೆ ಎಂದೇ ಅರ್ಥ. ಸೆಕೆಂಡ್‌ಹ್ಯಾಂಡ್ ಬೈಕ್ ಕೊಳ್ಳುವವರು ಇದನ್ನು ಬಗ್ಗಿ ನೋಡಬೇಕು. ಪೇಂಟು, ಸೀಟು ಆಮೇಲೆ ನೋಡಿದರಾಯಿತು.

ಹಾಗಾದರೆ ಶೂ ಮುಗಿದದ್ದು ಹೊರಗಿನಿಂದ ಹೇಗೆ ಗೊತ್ತಾಗಬೇಕು? ಬಹಳಷ್ಟು ಬೈಕುಗಳಲ್ಲಿ ಕ್ಯಾಮಿನ ಜತೆ ಒಂದು ಸಣ್ಣ ಬಾಣದ ಗುರುತು ತಿರುಗುತ್ತದೆ. ಅದರ ಹಿಂದಿನ ತಟ್ಟೆಯ ಮೇಲೆ ಒಂದು ತ್ರಿಕೋನದ ಗುರುತು ಇರುತ್ತದೆ. ಪೆಡಲನ್ನು ಪೂರ್ತಿ ಒತ್ತಿಸಿ ಹಿಡಿಸಿ. ಬಾಣ ಹೋಗಿ ತ್ರಿಕೋನಕ್ಕೆ ಮುಟ್ಟಿದರೆ ಶೂ ಮುಗಿಯಿತು. ಇದಕ್ಕೆ ಬಿಚ್ಚುವುದೂ ಬೇಡ, ಬಿಗಿಯುವುದೂ ಬೇಡ. ಕೆಸರು ಮೆತ್ತಿಕೊಂಡಿದ್ದರೆ ಒರೆಸಿ ನೋಡಿ. ಎಷ್ಟೋ ಜನ ಬೈಕು ಮಾರುವ ತನಕ ಆ ಬಾಣ ಇದೆಯೆಂಬುದನ್ನೇ ಕಂಡಿರುವುದಿಲ್ಲ.

ನಟ್ಟು ಸವೆತವನ್ನು ಮುಚ್ಚುತ್ತದೆ, ಬಾಣ ಅದನ್ನು ತೋರಿಸುತ್ತದೆ. ಬಾಣ ತ್ರಿಕೋನಕ್ಕೆ ಬಂದಿದೆ ಎಂದೇ ಇಟ್ಟುಕೊಳ್ಳೋಣ. ಈಗ ಶೂ ಬದಲಿಸಬೇಕು.

ಇದು ಕಷ್ಟದ ಕೆಲಸವಲ್ಲ. ಆದರೆ ಅಸಡ್ಡೆಯ ಕೆಲಸವೂ ಅಲ್ಲ. ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಎಂಜಿನ್, ಸೈಲೆನ್ಸರ್ ತಣ್ಣಗಾಗಿರಲಿ. ಮೊದಲು ನಮ್ಮ ಆ ನಟ್ಟನ್ನೇ ಪೂರ್ತಿ ಬಿಚ್ಚಿ ಕಂಬಿಯನ್ನು ಬಿಡಿಸಬೇಕು. ಕಂಬಿಯ ಮೇಲಿನ ಸ್ಪ್ರಿಂಗು, ತೋಳಿನ ತೂತಿನಲ್ಲಿರುವ ಸಣ್ಣ ಗುಂಡು ಪಿನ್ನು, ಎರಡೂ ಕೆಳಗೆ ಬಿದ್ದು ಕಳೆದುಹೋಗುವಂಥವು. ಒಂದು ಡಬ್ಬಿಗೆ ಹಾಕಿಕೊಳ್ಳಿ.

ಆಮೇಲೆ ಟಾರ್ಕ್ ಆರ್ಮ್. ಬ್ರೇಕಿನ ತಟ್ಟೆಗೂ ಬೈಕಿನ ಹಿಂದಿನ ಫೋರ್ಕಿಗೂ ನಡುವೆ ಇರುವ ಉದ್ದನೆಯ ಪಟ್ಟಿ ಇದು. ನೋಡುವುದಕ್ಕೆ ಯಃಕಶ್ಚಿತ್. ಆದರೆ ಬ್ರೇಕ್ ಹಿಡಿದಾಗ ತಟ್ಟೆ ಚಕ್ರದ ಜತೆ ತಾನೂ ಸುತ್ತದಂತೆ ತಡೆಯುವುದು ಇದೊಂದೇ. ವಾಪಸ್ ಜೋಡಿಸುವಾಗ ಇದರ ನಟ್ಟು ಬಿಗಿಯುವುದನ್ನು ಮರೆತರೆ, ಮೊದಲ ಸಲ ಜೋರಾಗಿ ಬ್ರೇಕ್ ಒತ್ತಿದಾಗ ತಟ್ಟೆ ತಿರುಗುತ್ತದೆ, ಕಂಬಿ ಬಾಗುತ್ತದೆ ಅಥವಾ ಮುರಿಯುತ್ತದೆ. ಅದಕ್ಕೆಂದೇ ಅಲ್ಲಿ ಒಂದು ಸ್ಪ್ಲಿಟ್ ಪಿನ್ ಇರುತ್ತದೆ. ಹಳೆಯದನ್ನೇ ನೆಟ್ಟಗೆ ಮಾಡಿ ಹಾಕಬೇಡಿ. ಕೆಲವೇ ರೂಪಾಯಿಯ ವಸ್ತು, ಹೊಸದು ಹಾಕಿ.

ಆಕ್ಸಲ್ ಎಳೆದು ಚಕ್ರ ಹೊರಗೆ ತೆಗೆದರೆ ತಟ್ಟೆ ಕೈಗೆ ಬರುತ್ತದೆ. ಅದರ ಮೇಲೆ ಶೂಗಳು. ಒಳಗೆಲ್ಲ ಕಪ್ಪು ಧೂಳು ತುಂಬಿರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ. ಈ ಧೂಳನ್ನು ಬಾಯಿಂದ ಊದಬೇಡಿ. ಗ್ಯಾರೇಜಿನ ಗಾಳಿ ಪೈಪ್ ಹಿಡಿದು ಹಾರಿಸಲೂ ಬೇಡಿ. ಹಿಂದೆ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು ಎಂಬುದರಲ್ಲಿ ಅನುಮಾನವಿಲ್ಲ. ಕೈಗೆ ಸಿಕ್ಕ ಹಳೇ ಶೂನಲ್ಲಿ ಏನಿದೆ ಎಂದು ನೋಡಿ ಹೇಳಲಾಗದು. ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ದಿನವಿಡೀ ಇದೇ ಕೆಲಸ ಮಾಡುವ ಗ್ಯಾರೇಜಿನ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ನೀವಾದರೂ ಹೇಳಿ.

ಎರಡೂ ಶೂಗಳನ್ನು ಪುಸ್ತಕ ಮಡಚುವ ಹಾಗೆ ಮೇಲಕ್ಕೆ ಮಡಚಿದರೆ ಸ್ಪ್ರಿಂಗಿನ ಬಿಗಿ ತಪ್ಪಿ ಸುಲಭವಾಗಿ ಬರುತ್ತವೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಸ್ಪ್ರಿಂಗು ಬೆರಳಿಗೆ ಬಡಿಯುತ್ತದೆ. ಬಿಚ್ಚಿದ ಹಳೇ ಶೂವನ್ನು ಎಸೆಯುವ ಮುಂಚೆ ಒಮ್ಮೆ ಓದಿ. ಗಾಜಿನ ಹಾಗೆ ಹೊಳೆಯುತ್ತಿದ್ದರೆ ಅದು ಅತಿಯಾಗಿ ಕಾದಿದೆ. ಉದ್ದಕ್ಕೂ ಗೀರು ಬಿದ್ದಿದ್ದರೆ ಒಳಗೆ ಮಣ್ಣು ಹೋಗಿದೆ. ಎಣ್ಣೆ ಜಿಡ್ಡು ಇದ್ದರೆ ಎಲ್ಲೋ ಗ್ರೀಸ್ ಅಥವಾ ಆಯಿಲ್ ಸೋರುತ್ತಿದೆ. ಸೋರುವುದನ್ನು ನಿಲ್ಲಿಸದೆ ಹೊಸ ಶೂ ಹಾಕಿದರೆ ಅದೂ ಹಾಳು. ಒಂದು ಶೂ ಹೆಚ್ಚು ಸವೆದು ಇನ್ನೊಂದು ಕಡಿಮೆ ಸವೆದಿದ್ದರೆ ಗಾಬರಿ ಬೇಡ. ಡ್ರಮ್ಮು ಎಳೆದುಕೊಳ್ಳುವ ಶೂ ಹೆಚ್ಚು ಸವೆಯುವುದು ಸಹಜ. ಬದಲಿಸುವಾಗ ಮಾತ್ರ ಎರಡನ್ನೂ ಬದಲಿಸಬೇಕು.

ಡ್ರಮ್ಮನ್ನೂ ನೋಡಿ. ಶೂ ಒಂದೇ ಸವೆಯುವುದಿಲ್ಲ, ಡ್ರಮ್ಮೂ ಸವೆಯುತ್ತದೆ. ಎಷ್ಟರ ತನಕ ಸವೆಯಬಹುದು ಎಂಬ ಅಳತೆಯನ್ನು ಅನೇಕ ಡ್ರಮ್ಮುಗಳ ಮೇಲೇ ಅಚ್ಚು ಹಾಕಿರುತ್ತಾರೆ. 130 ಮಿಲಿಮೀಟರಿನ ಡ್ರಮ್ಮಾದರೆ ಸಾಮಾನ್ಯವಾಗಿ 131. ಒಂದೇ ಮಿಲಿಮೀಟರಿನ ಅವಕಾಶ. ಬೆರಳಿಗೆ ಅಂಚಿನಲ್ಲಿ ಮೆಟ್ಟಿಲು ಸಿಕ್ಕಿದರೆ ಅಳೆಸಿ ನೋಡಿ.

ಕ್ಯಾಮನ್ನು ಒರೆಸಿ, ಅದಕ್ಕೂ ಪಿನ್ನಿಗೂ ತೆಳ್ಳಗೆ ಗ್ರೀಸ್ ಸವರಿ. ಕಡಿಮೆಯಾದರೂ ಪರವಾಗಿಲ್ಲ, ಹೆಚ್ಚಾಗಬಾರದು. ಕಾದಾಗ ಕರಗಿ ಲೈನರಿಗೆ ಇಳಿಯುತ್ತದೆ. ಹೊಸ ಶೂಗಳಿಗೆ ಸ್ಪ್ರಿಂಗ್ ಸಿಕ್ಕಿಸಿ, ಮಡಚಿಯೇ ಕೂರಿಸಿ. ಚಕ್ರ ಜೋಡಿಸಿದ ಮೇಲೆ ಒಂದು ಸಣ್ಣ ಉಪಾಯ. ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಆಕ್ಸಲ್ ನಟ್ಟನ್ನು ಬಿಗಿಯಿರಿ. ಶೂಗಳು ಡ್ರಮ್ಮಿನ ನಡುಮಧ್ಯೆ ಕೂರುತ್ತವೆ. ಚೈನಿನ ಸಡಿಲ, ಆಕ್ಸಲಿನ ಎರಡೂ ಕಡೆಯ ಗುರುತು ಒಂದೇ ಸಮ ಇರುವುದು, ಹಿಂದಿನ ಬ್ರೇಕ್ ಲೈಟ್ ಹತ್ತುವುದು, ಇವನ್ನೆಲ್ಲ ನೋಡಿಕೊಳ್ಳಿ. ಹೊಸ ಶೂ ಡ್ರಮ್ಮಿಗೆ ಹೊಂದಿಕೊಳ್ಳಲು 200, 300 ಕಿಲೋಮೀಟರ್ ಬೇಕು. ಅಲ್ಲಿಯ ತನಕ ಬ್ರೇಕ್ ಸ್ವಲ್ಪ ಮಂದವಾಗಿಯೇ ಇರುತ್ತದೆ. ಅವತ್ತೇ ಘಾಟಿ ಇಳಿಯಲು ಹೊರಡಬೇಡಿ.

ಘಾಟಿಯ ಮಾತು ಬಂತು. ಶೂ ಬದಲಿಸಿದ್ದಾಯಿತು. ಇನ್ನು ಡ್ರಮ್ಮೋ ಡಿಸ್ಕೋ ಎಂಬ ಜಗಳಕ್ಕೆ ಬರುವ ಮುಂಚೆ ಬ್ರೇಕು ಮಾಡುವ ಕೆಲಸವೇನು ಎಂದು ಕೇಳಿಕೊಳ್ಳೋಣ. ಅದು ವೇಗವನ್ನು ಶಾಖವಾಗಿ ಮಾಡುತ್ತದೆ. ಇಬ್ಬರು ಕೂತ ಬೈಕಿನ ಒಟ್ಟು ತೂಕ ಸುಮಾರು 240 ಕಿಲೋ. ಅದು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತರೆ, ಒಂದು ಸಣ್ಣ ಲೋಟ, ಅಂದರೆ 100 ಮಿಲಿಲೀಟರ್ ತಣ್ಣೀರು ಕುದಿಯುವಷ್ಟು ಶಾಖ ಹುಟ್ಟುತ್ತದೆ. ಒಂದು ಸಲ ನಿಲ್ಲಿಸುವುದಕ್ಕೆ ಇಷ್ಟು. ಅದೇ ಬೈಕು ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿದರೆ? ಅದು 60ರ ವೇಗದಿಂದ 35 ಸಲ ನಿಂತದ್ದಕ್ಕೆ ಸಮ. ಗಾಳಿ ಸ್ವಲ್ಪ ನುಂಗುತ್ತದೆ. ಎಂಜಿನ್ನು ನುಂಗಬಲ್ಲದು, ನೀವು ಬಿಟ್ಟರೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವವರು ಅಷ್ಟೂ ಶಾಖವನ್ನು ಬ್ರೇಕಿನ ತಲೆಗೆ ಕಟ್ಟುತ್ತಾರೆ. ಎರಡನೇ ಗೇರಿನಲ್ಲಿ ಇಳಿಯಿರಿ.

ಈ ಶಾಖದ ಲೆಕ್ಕದಲ್ಲಿಯೇ ಡ್ರಮ್ಮು ಡಿಸ್ಕಿಗೆ ಸೋಲುತ್ತದೆ. ಡ್ರಮ್ಮು ಮುಚ್ಚಿದ ಪಾತ್ರೆ. ಶಾಖ ಬೇಗ ಹೊರಗೆ ಹೋಗುವುದಿಲ್ಲ. ಕಾದ ಡ್ರಮ್ಮು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಲೈನರಿನ ಹಿಡಿತವೂ ಕುಗ್ಗುತ್ತದೆ. ಡಿಸ್ಕು ಗಾಳಿಯಲ್ಲೇ ತಿರುಗುವ ತಟ್ಟೆ. ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಒತ್ತುತ್ತವೆ. ಬೇಗ ತಣಿಯುತ್ತದೆ. ಮಳೆಗಾಲದಲ್ಲಿ ನೀರನ್ನು ತಾನೇ ಕೊಡವಿಕೊಳ್ಳುತ್ತದೆ. ಡ್ರಮ್ಮಿನೊಳಗೆ ಹಳ್ಳದ ನೀರು ಹೋದರೆ ಒಣಗುವ ತನಕ ಬ್ರೇಕ್ ಹಿಡಿಯದು. ಹಳ್ಳ ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಪೆಡಲನ್ನು ಮೆಲ್ಲಗೆ ಒತ್ತಿ ಒಣಗಿಸಬೇಕು.

1969ರಲ್ಲಿ ಹೋಂಡಾ ಸಿಬಿ 750 ಮುಂಚಕ್ರಕ್ಕೆ ಡಿಸ್ಕ್ ಹಾಕಿ ಬಂತು. ನಮ್ಮಲ್ಲಿ 1999ರ ಹೀರೋ ಹೋಂಡಾ ಸಿಬಿಜೆಡ್ ಅದನ್ನು ಕಾಲೇಜು ಹುಡುಗರ ಆಸೆಯ ವಸ್ತು ಮಾಡಿತು. ಮುಂದೆ ಡಿಸ್ಕ್ ಬೇಕೆನ್ನುವುದರಲ್ಲಿ ನನಗೆ ತಕರಾರಿಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ನಿಲ್ಲಿಸುವ ಕೆಲಸದಲ್ಲಿ ಹತ್ತರಲ್ಲಿ ಏಳು ಪಾಲು ಮುಂಚಕ್ರದ್ದೇ. ಹಿಂದೆಯೂ ಡಿಸ್ಕ್ ಬೇಕೇ? ಸಣ್ಣ ಬೈಕಿಗೆ ಅದು ಹೆಚ್ಚಾಗಿ ಅಂದಕ್ಕೆ ಎಂದು ನನ್ನ ಅಭಿಪ್ರಾಯ. ಉಳಿದ ಮೂರು ಪಾಲಿಗೆ ಒಳ್ಳೆಯ ಡ್ರಮ್ಮು ಧಾರಾಳ ಸಾಕು.

ಶಾಖದಲ್ಲಿ, ಮಳೆಯಲ್ಲಿ ಡಿಸ್ಕು ಮೇಲು ಎಂದಾಯಿತು. ಇನ್ನು ನಮ್ಮ ಮೊದಲ ಪ್ರಶ್ನೆ. ಡಿಸ್ಕಿನಲ್ಲಿ ಆ ನಟ್ಟು ಎಲ್ಲಿದೆ?

ಡಿಸ್ಕಿಗೆ ನಟ್ಟಿಲ್ಲ. ಪ್ಯಾಡು ಸವೆದಂತೆ ಅದರ ಹಿಂದಿನ ಪಿಸ್ಟನ್ನು ತಾನಾಗಿಯೇ ಮುಂದೆ ಬರುತ್ತದೆ. ಅದರ ಹಿಂದೆ ಖಾಲಿಯಾದ ಜಾಗಕ್ಕೆ ಬ್ರೇಕ್ ಆಯಿಲ್ ತುಂಬಿಕೊಳ್ಳುತ್ತದೆ. ಹ್ಯಾಂಡಲಿನ ಮೇಲೆ, ಬಲಗೈ ಲಿವರಿನ ಹತ್ತಿರ ಆಯಿಲ್ಲಿನ ಪುಟ್ಟ ಡಬ್ಬಿ ಇದೆ. ಅದರಲ್ಲಿ ಮಟ್ಟ ಇಳಿಯುತ್ತದೆ. ಲಿವರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಪ್ಯಾಡು ಪೂರಾ ಮುಗಿಯುವ ದಿನದ ತನಕ ಅದು ಹೊಸದರಂತೆಯೇ ಹಿಡಿಯುತ್ತದೆ. ಡ್ರಮ್ಮಾದರೂ ಪೆಡಲು ಕೆಳಗೆ ಹೋಗಿ ನಿಮ್ಮನ್ನು ಗ್ಯಾರೇಜಿಗೆ ಕಳಿಸುತ್ತಿತ್ತು. ಡಿಸ್ಕು ಅದನ್ನೂ ಮಾಡುವುದಿಲ್ಲ. ಅದರ ಸುಳಿವು ಇರುವುದು ಡಬ್ಬಿಯ ಸಣ್ಣ ಗಾಜಿನ ಕಿಂಡಿಯಲ್ಲಿ. ಮಟ್ಟ ಕೆಳಗಿನ ಗೆರೆಗೆ ಬಂದಾಗ ಸರ್ವಿಸಿನವರು ಆಯಿಲ್ ತುಂಬಿಸಿ ಕಳಿಸಿದರೆ, ಅದು ನಟ್ಟು ತಿರುಗಿಸಿ ಕಳಿಸಿದ್ದಕ್ಕೆ ಸಮ. ಮಟ್ಟ ಇಳಿದಿದೆ ಎಂದರೆ ಒಂದೋ ಎಲ್ಲಾದರೂ ಸೋರುತ್ತಿದೆ, ಇಲ್ಲವೋ ಪ್ಯಾಡು ಸವೆದಿದೆ. ಮೊದಲು ಅದನ್ನು ನೋಡಬೇಕು. ಪ್ಯಾಡು ಸವೆದಾಗ ಆಯಿಲ್ ತುಂಬಿಸಿದರೆ, ಮುಂದೆ ಹೊಸ ಪ್ಯಾಡು ಹಾಕುವ ದಿನ ಪಿಸ್ಟನ್ನು ಹಿಂದೆ ಸರಿದು ಹೆಚ್ಚಾದ ಆಯಿಲ್ ಉಕ್ಕುತ್ತದೆ. ಬಿದ್ದ ಕಡೆ ಪೇಂಟು ಕಿತ್ತುಬರುತ್ತದೆ.

ಆಯಿಲ್ ಕೂಡ ಹಳತಾಗುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿಯ ತನಕ ಕುದಿಯುವುದಿಲ್ಲ. ತೇವ ಹೀರಿದ್ದು 155ರ ಸುಮಾರಿಗೇ ಕುದಿಯಬಹುದು. ಕುದಿದರೆ ಗುಳ್ಳೆ. ಗುಳ್ಳೆಯಾದರೆ ಲಿವರು ಹ್ಯಾಂಡಲಿಗೆ ತಾಗುತ್ತದೆ, ಬೈಕು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಮಲೆನಾಡಿನವರು, ಕರಾವಳಿಯವರು ಇದನ್ನು ಮುಂದೂಡಬಾರದು.

ಡ್ರಮ್ಮಿಗೆ ನಟ್ಟು, ಡಿಸ್ಕಿಗೆ ಆಯಿಲ್ ಡಬ್ಬಿ. ಇನ್ನು ಬ್ರೇಕಿಗೆ ನೆರವಾಗುವ ಸಿಬಿಎಸ್, ಎಬಿಎಸ್ ಉಳಿದವು. 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲ ಮಾದರಿಗಳಿಗೂ ನಮ್ಮ ದೇಶದಲ್ಲಿ ನಿಯಮ ಬಂತು. 125 ಸಿಸಿಗಿಂತ ಮೇಲಿನ ಬೈಕುಗಳಿಗೆ ಎಬಿಎಸ್. 125 ಸಿಸಿ ಮತ್ತು ಅದಕ್ಕೂ ಕೆಳಗಿನವಕ್ಕೆ ಆ ನಿಯಮದಲ್ಲಿ ಸಿಬಿಎಸ್ ಆದರೂ ಸಾಕಿತ್ತು.

ಸಿಬಿಎಸ್ ಅಂದರೆ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಎಂದು ನಂಬಿ, ಜೀವನಪೂರ್ತಿ ಕಾಲಿನ ಬ್ರೇಕನ್ನೇ ತುಳಿಯುವವರಿಗೆ ಇದು ವರದಾನ. ಆದರೆ ಎರಡು ಚಕ್ರದ ಬ್ರೇಕ್ ಒಂದೇ ಪೆಡಲಿಗೆ ಸೇರಿದ್ದರಿಂದ ಯಾವುದು ಸೊರಗಿದೆ ಎಂಬುದು ಕಾಲಿಗೆ ತಿಳಿಯುವುದಿಲ್ಲ. ಮುಂದಿನ ಕೇಬಲ್ಲು ಸಡಿಲವಾದರೆ ಹಿಂದಿನದೇ ಎಲ್ಲ ಕೆಲಸ ಮಾಡುತ್ತದೆ. ಆಗಾಗ ಖಾಲಿ ಜಾಗದಲ್ಲಿ, ನಿಧಾನ ವೇಗದಲ್ಲಿ, ಮುಂದಿನ ಲಿವರನ್ನು ಮಾತ್ರ ಹಿಡಿದು ನೋಡಬೇಕು.

ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ಸಿನ ಕಥೆ ಸ್ವಾರಸ್ಯದ್ದು. ಮೂಲದಲ್ಲಿ ಅದು ವಿಮಾನದ ಚಕ್ರಕ್ಕೆ ಮಾಡಿದ್ದು. ಡನ್‌ಲಪ್ ಕಂಪನಿಯ ಮ್ಯಾಕ್ಸಾರೆಟ್ ಎಂಬ ಆ ಉಪಕರಣವನ್ನು 1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾಲಯದವರು ಒಂದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ ಬೈಕಿಗೆ ಕೂರಿಸಿ ಪರೀಕ್ಷಿಸಿದರು. ರಾಯಲ್ ಎನ್‌ಫೀಲ್ಡ್ ಅದನ್ನು ಮಾರುಕಟ್ಟೆಗೆ ತರಲಿಲ್ಲ. 30 ವರ್ಷ ಕಳೆದು, 1988ರಲ್ಲಿ ಬಿಎಂಡಬ್ಲ್ಯು ಕೆ 100 ಎಬಿಎಸ್ ಹೊತ್ತು ಬಂತು. ಚಕ್ರದ ಪಕ್ಕದ ಸೆನ್ಸರು ಚಕ್ರ ತಿರುಗುವ ವೇಗವನ್ನು ನೋಡುತ್ತಲೇ ಇರುತ್ತದೆ. ಲಾಕ್ ಆಗುವ ಸುಳಿವು ಸಿಕ್ಕ ಕೂಡಲೇ ಎಬಿಎಸ್ ಬ್ರೇಕಿನ ಒತ್ತಡವನ್ನು ಬಿಟ್ಟು ಹಿಡಿದು ಮಾಡುತ್ತದೆ, ಸೆಕೆಂಡಿಗೆ ಹಲವು ಸಲ. ಚಕ್ರ ಜಾರದೆ ಉರುಳುವುದರಿಂದ ಬೈಕು ನಿಮ್ಮ ಹಿಡಿತದಲ್ಲಿ ಇರುತ್ತದೆ. ಆದರೆ ಬೋಳು ಟೈರಿಗೆ ಅದು ಹಿಡಿತ ಕೊಡಲಾರದು. ಜಲ್ಲಿಯ ಮೇಲೆ ನಿಲ್ಲುವ ದೂರವನ್ನೂ ಕಡಿಮೆ ಮಾಡದು. ಸಿಂಗಲ್ ಚಾನಲ್ ಅಂದರೆ ಕಾಯುವುದು ಮುಂಚಕ್ರವನ್ನು ಮಾತ್ರ. ಮೀಟರಿನಲ್ಲಿ ಎಬಿಎಸ್ ಎಂಬ ಹಳದಿ ದೀಪವಿದೆ. ಕೀ ತಿರುಗಿಸಿದಾಗ ಹತ್ತಬೇಕು. ಬೈಕು ಸ್ವಲ್ಪ ಮುಂದೆ ಹೋದ ಮೇಲೆ ಆರಬೇಕು. ಆರದಿದ್ದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ. ಮಾಮೂಲಿ ಬ್ರೇಕು ಹಿಡಿಯುತ್ತಲೇ ಇರುವುದರಿಂದ ಎಷ್ಟೋ ಜನ ತಿಂಗಳುಗಟ್ಟಲೆ ಹಾಗೆಯೇ ಓಡಿಸುತ್ತಾರೆ.

ಕೊನೆಗೆ, ಗ್ಯಾರೇಜುಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಪ್ರಶ್ನೆ. ಹಳೇ ಡ್ರಮ್ ಬೈಕಿಗೆ ಡಿಸ್ಕ್ ಹಾಕಿಸಬಹುದೇ? ಡಿಸ್ಕೊಂದೇ ಹಾಕಿದರೆ ಆಗುವುದಿಲ್ಲ. ಹಬ್ಬು, ಮುಂದಿನ ಫೋರ್ಕು, ಲಿವರು, ಪೈಪು, ಎಲ್ಲ ಬದಲಾಗಬೇಕು. ಆ ಫೋರ್ಕಿನ ಬಲ, ಆ ಚಾಸಿಯ ಅಳತೆ ಇವೆಲ್ಲ ಡ್ರಮ್ಮಿನ ಹಿಡಿತಕ್ಕೆ ಲೆಕ್ಕ ಹಾಕಿ ಮಾಡಿದ್ದು. ಕಂಪನಿಯ ಮೂಲ ಅಳತೆಗೆ ಹೊರತಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದೂ ಇಲ್ಲ. ಅಷ್ಟು ದುಡ್ಡಿದ್ದರೆ ಎರಡೂ ಚಕ್ರಕ್ಕೆ ಹೊಸ ಶೂ ಹಾಕಿಸಿ, ಮುಂದಿನ ಕೇಬಲ್ಲು ಬದಲಿಸಿ, ಎರಡು ಒಳ್ಳೆಯ ಟೈರು ಕೊಳ್ಳಿ. ಉಳಿದದ್ದರಲ್ಲಿ ಗ್ಯಾರೇಜಿನ ಹುಡುಗನಿಗೆ ಒಂದು ಒಳ್ಳೆಯ ಮಾಸ್ಕ್ ಕೊಡಿಸಿ.